ಬೇಲಿಗೂಟದ ಆಯುಷ್ಯ

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು ಎಂಬ ಗಾದೆ ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಉಂಟು. ಆದರೆ ಬೇಲಿಯನ್ನು ಮೇಯುವವರಾರು ಎಂದು ಕೇಳಿದವರು ಕಡಿಮೆ. ಕೋಟೆಗಳನ್ನು ಯಾರು ಕಟ್ಟಿದರು, ಯಾರು ಕೆಡವಿದರು ಎಂಬುದನ್ನು ನಮ್ಮ ಇತಿಹಾಸದ ಪುಸ್ತಕಗಳು ಇಸವಿಸಹಿತವಾಗಿ ತಿಳಿಸುತ್ತವೆ. ರೈತನು ನೆಟ್ಟ ಬೇಲಿಗೂಟವನ್ನು ಯಾರು ಕೆಡವಿದರೆಂಬ ಸಂಗತಿ ಅವುಗಳಲ್ಲಿ ಬರುವುದಿಲ್ಲ. ಹಾಗಿದ್ದರೂ ಕೋಟೆಗಿಂತ ಬೇಲಿಯೇ ಪ್ರಾಚೀನವಾದುದು. ಮನುಷ್ಯನು ಬಿತ್ತಿ ಬೆಳೆಯಲು ತೊಡಗಿದಂದಿನಿಂದ ಬೆಳೆಗೂ ದನಕ್ಕೂ ನಡುವೆ ಏನಾದರೊಂದನ್ನು ನಿಲ್ಲಿಸಲೇಬೇಕಾಯಿತು. ಹಾಗೆ ನಿಲ್ಲಿಸಿದುದು ಬೀಳದಂತೆ ನೋಡಿಕೊಳ್ಳುವ ಚಿಂತೆಯೂ ಅಂದಿನಿಂದಲೇ ಅವನ ಬೆನ್ನಿಗೆ ಬಿದ್ದಿತು. ಆ ಚಿಂತೆಯ ಚರಿತ್ರೆಯನ್ನು ಸಾಂಗಲಿ, ಮಿರಜಗಳ ನೆಲದಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ.

ಕೃಷ್ಣಾ ನದಿಯ ಬದಿಯ ಎರೆಭೂಮಿಯಲ್ಲಿ ಕೆಲವು ವರ್ಷ ನಿಂತ ಒಂದು ಮರದ ಗೂಟವನ್ನು ಕಿತ್ತು ನೋಡೋಣ. ಅದರಲ್ಲಿ ಮೂರು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ನೆಲದ ಮೇಲಿನ ಭಾಗವು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಸೀಳಿದ್ದರೂ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಆಳದಲ್ಲಿ ಹೂತಿದ್ದ ತುದಿಯೂ ಅನೇಕ ವೇಳೆ ಕೊಡಲಿಯ ಗುರುತು ಉಳಿದಿರುವಷ್ಟು ಚೆನ್ನಾಗಿರುತ್ತದೆ. ನೆಲದ ಮಟ್ಟದಲ್ಲಿ, ಒಂದು ಗೇಣು ಮೇಲೆ ಕೆಳಗೆ, ಮರವು ಕುಂಬಾಗಿ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಗೂಟವು ಮುರಿಯುವುದು ಯಾವಾಗಲೂ ಅಲ್ಲಿಯೇ. ಮೂರೂ ಭಾಗಗಳು ಒಂದೇ ಮರದವು. ಒಂದೇ ಮಳೆ ಬಿಸಿಲುಗಳನ್ನು ಕಂಡವು. ನಡುವಿನ ಭಾಗಕ್ಕೆ ಮಾತ್ರ ಈ ಗತಿ ಏಕೆ ಬಂದಿತು?

ನೀರಿನಿಂದ ಮರ ಕೊಳೆಯುತ್ತದೆ ಎಂಬುದು ಸಾಮಾನ್ಯವಾದ ಉತ್ತರ. ಅದು ಅರ್ಧ ಸತ್ಯ. ಮರವನ್ನು ತಿನ್ನುವುದು ಅಣಬೆಯ ಕುಲಕ್ಕೆ ಸೇರಿದ ಶಿಲೀಂಧ್ರ. ಕೊಳೆತ ಮರದ ಮೇಲೆ ಅಣಬೆ ಏಳುವುದನ್ನು ಜನರು ಮೊದಲಿನಿಂದಲೂ ಕಂಡಿದ್ದರು. ಆದರೆ ಮರ ಕೊಳೆತುದರಿಂದ ಅಣಬೆ ಹುಟ್ಟಿತೆಂದು ಅವರು ತಿಳಿದಿದ್ದರು. ಅಣಬೆಯ ಕುಲವು ಮರದೊಳಗೆ ಎಳೆಎಳೆಯಾಗಿ ಹರಡಿದುದರಿಂದಲೇ ಮರ ಕೊಳೆಯಿತೆಂಬುದನ್ನು ಜರ್ಮನಿಯ ಅರಣ್ಯಶಾಸ್ತ್ರಜ್ಞ ರಾಬರ್ಟ್ ಹಾರ್ಟಿಗರು ೧೮೭೦ರ ದಶಕದಲ್ಲಿ ಸೂಕ್ಷ್ಮದರ್ಶಕದ ಸಹಾಯದಿಂದ ತೋರಿಸಿಕೊಟ್ಟರು. ಈ ಶಿಲೀಂಧ್ರವು ಬದುಕಬೇಕಾದರೆ ಅದಕ್ಕೆ ಆಹಾರವಾಗಿ ಮರ ಬೇಕು, ಬೆಚ್ಚನೆಯ ಹವೆ ಬೇಕು, ನೀರು ಬೇಕು, ಗಾಳಿಯೂ ಬೇಕು. ಮರದೊಳಗಿನ ನೀರು ಒಣಮರದ ತೂಕದ ನೂರಕ್ಕೆ ಇಪ್ಪತ್ತು ಪಾಲಿಗಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ಮರವು ನೀರಿನಲ್ಲಿ ಪೂರ್ಣವಾಗಿ ಮುಳುಗಿದ್ದರೆ ಗಾಳಿಯಿಲ್ಲದೆ ಅದಕ್ಕೆ ಉಸಿರುಕಟ್ಟುತ್ತದೆ. ಬೇಲಿಗೂಟದ ಮೇಲ್ಭಾಗಕ್ಕೆ ಗಾಳಿಯುಂಟು, ನೀರು ನಿಲ್ಲುವುದಿಲ್ಲ. ಕೆಳಭಾಗಕ್ಕೆ ನೀರುಂಟು, ಗಾಳಿ ಸಾಲದು. ನೆಲದ ಮಟ್ಟದಲ್ಲಿ ಎರಡೂ ಹದವಾಗಿ ಸೇರುತ್ತವೆ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣು ಬಿರುಕಿನಲ್ಲಿ ಗಾಳಿಯನ್ನೂ ಮೈಯಲ್ಲಿ ತೇವವನ್ನೂ ಒದಗಿಸಿ ಶಿಲೀಂಧ್ರಕ್ಕೆ ಬಿಡಾರ ಮಾಡಿಕೊಡುತ್ತದೆ. ಜತ್ತದ ಕಡೆಯ ಒಣಭೂಮಿಯಲ್ಲಿ ಕೊಳೆಯ ಭಯ ಕಡಿಮೆ. ಅಲ್ಲಿ ಗೆದ್ದಲಿನ ಕಾಟವೇ ಮುಂದು.

ಆದುದರಿಂದ ಮರಕ್ಕೆ ದೀರ್ಘಾಯುಷ್ಯ ಸಿಕ್ಕುವ ಸ್ಥಾನಗಳು ಎರಡು. ಒಂದು, ಎಂದೂ ಒಣಗದ ನೆಲ. ಇನ್ನೊಂದು, ಎಂದೂ ನೆನೆಯದ ಮಾಡು. ಭಾರತದ ಚರಿತ್ರೆಯಲ್ಲಿ ಇವೆರಡಕ್ಕೂ ಸಾಕ್ಷಿ ದೊರೆಯುತ್ತದೆ.

ಮೊದಲನೆಯದು ಪಾಟಲೀಪುತ್ರದ್ದು. ಕ್ರಿಸ್ತಪೂರ್ವ ೩೦೦ರ ಸುಮಾರಿಗೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಗ್ರೀಕ ರಾಯಭಾರಿ ಮೆಗಸ್ತನೀಸನು ಆ ರಾಜಧಾನಿಯ ಸುತ್ತಲೂ ಮರದ ಗೋಡೆಯಿತ್ತೆಂದು ಬರೆದನು. ಅವನ ಮೂಲಗ್ರಂಥ ಉಳಿದಿಲ್ಲ. ಅವನ ಮಾತುಗಳು ಸ್ಟ್ರಾಬೊ, ಆರಿಯನ್ ಮೊದಲಾದ ಅನಂತರದ ಲೇಖಕರಿಂದ ನಮಗೆ ತಿಳಿದುಬರುತ್ತವೆ. ನಗರದ ಉದ್ದ ೮೦ ಸ್ಟೇಡಿಯಾ, ಎಂದರೆ ಸುಮಾರು ಒಂಬತ್ತು ಮೈಲಿ. ಗೋಡೆಗೆ ೫೭೦ ಬುರುಜುಗಳು, ೬೪ ಬಾಗಿಲುಗಳು. ಇದನ್ನು ನಾಡಿನ ಅತಿ ದೊಡ್ಡ ಮರದ ಬೇಲಿಯೆಂದು ಕರೆದರೆ ತಪ್ಪಾಗದು. ಇಂತಹ ಗೋಡೆಯನ್ನು ಕೌಟಿಲ್ಯನ ಅರ್ಥಶಾಸ್ತ್ರವು ಒಪ್ಪುವುದಿಲ್ಲ. ಮರದಲ್ಲಿ ಬೆಂಕಿ ಅಡಗಿ ಕುಳಿತಿರುವುದರಿಂದ ಕೋಟೆಯನ್ನು ಮರದಿಂದ ಕಟ್ಟಬಾರದೆಂದು ಅದು ಎಚ್ಚರಿಸುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಾಟ್ನಾ ನಗರದ ಬುಲಂದೀಬಾಗ ಎಂಬಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ಸಾಲಮರದ ದಪ್ಪ ತೊಲೆಗಳ ಎರಡು ಸಾಲುಗಳು ಮಣ್ಣಿನ ಆಳದಲ್ಲಿ ನಿಂತಿದ್ದುದು ಕಂಡುಬಂದಿತು. ಗಂಗೆಯ ಬಯಲಿನ ಜವುಗುಮಣ್ಣು ಗಾಳಿಯನ್ನು ಒಳಗೆ ಬಿಡದೆ ಇಪ್ಪತ್ತೆರಡು ಶತಮಾನಗಳಷ್ಟು ಕಾಲ ಅವುಗಳನ್ನು ಕಾಯ್ದಿತ್ತು. ನೆಲದ ಮೇಲಿದ್ದ ಬುರುಜು ಬಾಗಿಲುಗಳೆಲ್ಲ ಹೋಗಿ ಬುಡ ಮಾತ್ರ ಉಳಿಯಿತು.

ಎರಡನೆಯ ಸಾಕ್ಷಿಯು ನಮಗೆ ಹತ್ತಿರದ್ದು. ಸಾಂಗಲಿಯಿಂದ ಪುಣೆಯ ಮೇಲೆ ಮುಂಬಯಿಗೆ ಹೋಗುವ ಹಾದಿಯಲ್ಲಿ ಲೋಣಾವಳೆಯ ಬಳಿ ಕಾರ್ಲೆಯ ಗುಹೆಗಳಿವೆ. ಅಲ್ಲಿಯ ದೊಡ್ಡ ಚೈತ್ಯಗೃಹವನ್ನು ಬಂಡೆಯಲ್ಲಿ ಕೊರೆದು ಎರಡು ಸಾವಿರ ವರ್ಷಗಳಾದವು. ಅದರ ಕಮಾನು ಚಾವಣಿಯ ಒಳಮೈಗೆ ಅಂದಿನ ಬಡಗಿಗಳು ಸಾಗವಾನಿಯ ಪಕ್ಕೆತೊಲೆಗಳನ್ನು ಜೋಡಿಸಿದರು. ಬಂಡೆಗೆ ಅವುಗಳ ಆಧಾರ ಬೇಕಿರಲಿಲ್ಲ. ಮರದ ಮನೆಗಳನ್ನು ಕಟ್ಟಿ ಅಭ್ಯಾಸವಾದ ಕಣ್ಣಿಗೆ ತೊಲೆಯಿಲ್ಲದ ಚಾವಣಿ ಒಪ್ಪಲಿಲ್ಲವೆಂದು ತೋರುತ್ತದೆ. ಆ ತೊಲೆಗಳು ಇಂದಿಗೂ ಅಲ್ಲಿವೆ. ಸಹ್ಯಾದ್ರಿಯ ಘೋರ ಮಳೆ ಹೊರಗೆ ಸುರಿಯುತ್ತಿದ್ದರೂ ಬಂಡೆಯ ಮಾಡಿನ ಕೆಳಗೆ ಅವು ಒಣಗಿಯೇ ಉಳಿದವು. ಈ ಚೈತ್ಯಗೃಹವನ್ನು ಮಾಡಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಶಾಸನವು ಹೇಳುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸಿರುವರು. ತೇಗದ ಕಾಡುಗಳ ನಡುವೆ ಇರುವ ಊರಿನ ವರ್ತಕನೊಬ್ಬನ ಧರ್ಮದಿಂದ ನಿಂತ ಮಂದಿರದಲ್ಲಿ ನಾಡಿನ ಅತಿ ಹಳೆಯ ಮರಗೆಲಸವೊಂದು ಉಳಿದುಬಂದುದು ನಮಗೆ ಸಂತೋಷದ ವಿಷಯ.

ಒಣಮರದ ಬೆಲೆಯನ್ನು ಮಿರಜ ಪಟ್ಟಣಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಅಲ್ಲಿ ಸಿತಾರು, ತಂಬೂರಿಗಳನ್ನು ಮಾಡುವ ಮನೆತನಗಳಿವೆ. ೨೦೨೪ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಲಿಕ ಗುರುತಿನ ಮನ್ನಣೆ ದೊರೆಯಿತು. ಮರವೂ ಸೋರೆಬುರುಡೆಯೂ ಚೆನ್ನಾಗಿ ಒಣಗದೆ ಅವರು ಕೈಹಚ್ಚುವುದಿಲ್ಲ. ಹಸಿಮರದಿಂದ ಮಾಡಿದ ವಾದ್ಯ ಸೊಟ್ಟಗಾಗುತ್ತದೆ, ಸೀಳುತ್ತದೆ, ಹುಳುವಿಗೆ ತುತ್ತಾಗುತ್ತದೆ. ಆದರೆ ತಂಬೂರಿಯು ಮನೆಯೊಳಗೆ ಗವಸಣಿಗೆಯಲ್ಲಿ ಇರುತ್ತದೆ. ಬೇಲಿಗೂಟಕ್ಕೆ ಆ ಭಾಗ್ಯವಿಲ್ಲ. ಅದು ಮಳೆಯಲ್ಲಿ ನಿಂತೇ ಬದುಕಬೇಕು.

ಹಾಗೆ ನಿಲ್ಲಬೇಕಾದ ಮರವನ್ನು ಹಿಂದಿನವರು ಉಳಿಸಿಕೊಂಡ ಬಗೆಗಳಲ್ಲಿ ಮೊದಲನೆಯದು ಮರವನ್ನೇ ಬಿಟ್ಟುಕೊಡುವುದು. ಸಾಂಚಿಯ ಮಹಾಸ್ತೂಪದ ಸುತ್ತಲಿನ ಕಲ್ಲಿನ ಕಟಾಂಜನವನ್ನು ನೋಡಿದವರಿಗೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ನೆಟ್ಟಗೆ ನಿಂತ ಸ್ತಂಭಗಳು, ಅವುಗಳ ತೂತುಗಳಲ್ಲಿ ಸೇರಿಸಿದ ಮೂರು ಮೂರು ಅಡ್ಡಸೂಚಿಗಳು, ಎಲ್ಲಕ್ಕೂ ಮೇಲೆ ಉಷ್ಣೀಷ. ಕಲ್ಲುಕುಟಿಗನು ಹೀಗೆ ಮಾಡಬೇಕಾದ ಕಾರಣವಿಲ್ಲ. ತೂತು ಕೊರೆದು ಕೂರಿಸುವುದು ಬಡಗಿಯ ಪದ್ಧತಿ. ತೋಟದ ಮರದ ಬೇಲಿಯೇ ಅಲ್ಲಿ ಕಲ್ಲಾಗಿ ನಿಂತಿದೆ. ಉಷ್ಣೀಷದ ನೆತ್ತಿಯು ದುಂಡಾಗಿರುವುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮರದ ಬೇಲಿಗೆ ಅದು ಕೊಡೆಯಂತೆ: ಕಂಬಗಳ ತಲೆಯ ಮೇಲೆ ಬಿದ್ದ ನೀರು ಒಳಗಿಳಿಯದೆ ಎರಡು ಕಡೆಗೂ ಜಾರಿಹೋಗುತ್ತದೆ. ಕತ್ತರಿಸಿದ ತುದಿಯ ಮೂಲಕವೇ ಮರವು ಹೆಚ್ಚಾಗಿ ನೀರು ಕುಡಿಯುತ್ತದೆ ಎಂಬ ಅನುಭವವು ಅದರ ಹಿಂದೆ ಇರಬೇಕು.

ಎರಡನೆಯ ಬಗೆಯು ಮರಕ್ಕೂ ಮಣ್ಣಿಗೂ ನಡುವೆ ಕಲ್ಲನ್ನು ಇಡುವುದು. ಸಾಂಗಲಿ, ಮಿರಜಗಳ ಹಳೆಯ ವಾಡೆಗಳಲ್ಲಿಯೂ ಬೆಳಗಾವಿ, ವಿಜಯಪುರ ಸೀಮೆಯ ತೊಟ್ಟಿಮನೆಗಳಲ್ಲಿಯೂ ಪಡಸಾಲೆಯ ಮರದ ಕಂಬಗಳು ನೇರವಾಗಿ ನೆಲದಲ್ಲಿ ಇಳಿಯುವುದಿಲ್ಲ. ಪ್ರತಿಯೊಂದು ಕಂಬದ ಅಡಿಯಲ್ಲಿಯೂ ಗೇಣೆತ್ತರದ ಅಡಿಗಲ್ಲು ಇರುತ್ತದೆ. ಅದರ ಮೇಲೆ ಬಿಡಿಸಿದ ಹೂಬಳ್ಳಿಗಳನ್ನು ನೋಡಿ ನಾವು ಅಲಂಕಾರವೆಂದು ತಿಳಿಯುತ್ತೇವೆ; ಅದರ ಮುಖ್ಯ ಕೆಲಸ ಬೇರೆ. ನೆಲದಿಂದ ಏರುವ ತೇವವೂ, ಸಾರಿಸಿದ ನೀರೂ, ಗೆದ್ದಲೂ ಕಂಬವನ್ನು ಮುಟ್ಟದಂತೆ ಅದು ತಡೆಯುತ್ತದೆ. ನೂರು ವರ್ಷ ಮೀರಿದ ಕಂಬಗಳು ಇಂದಿಗೂ ಭಾರ ಹೊತ್ತು ನಿಂತಿದ್ದರೆ ಅದಕ್ಕೆ ಸಾಗವಾನಿಯ ಗುಣವು ಎಷ್ಟು ಕಾರಣವೋ ಅಡಿಗಲ್ಲು ಅಷ್ಟೇ ಕಾರಣ.

ಮೂರನೆಯದು ಮರವನ್ನು ಆಯುವ ವಿವೇಕ. ಮರವನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ಬಿಳಿಯ ಸುತ್ತು, ಒಳಗೆ ಬಣ್ಣಗಟ್ಟಿದ ಚೇಗು ಕಾಣುತ್ತವೆ. ಬಿಳಿಯ ಸುತ್ತಿನಲ್ಲಿ ಜೀವರಸ ಹರಿಯುತ್ತಿರುತ್ತದೆ. ಅದರಲ್ಲಿ ಹಿಟ್ಟೂ ಸಕ್ಕರೆಯೂ ಉಂಟು. ಹುಳುವಿಗೂ ಶಿಲೀಂಧ್ರಕ್ಕೂ ಅದು ಪಕ್ವಾನ್ನ. ಚೇಗಿನಲ್ಲಿ ಮರವು ತಾನೇ ಕೂಡಿಸಿಟ್ಟ ಕಹಿ ಒಗರಿನ ವಸ್ತುಗಳಿರುವುದರಿಂದ ಅವಕ್ಕೆ ರುಚಿಸುವುದಿಲ್ಲ. ತೇಗ, ಮತ್ತಿ, ಹೊನ್ನೆ, ಜಂಬೆಗಳ ಚೇಗು ಈ ಗುಣಕ್ಕೆ ಹೆಸರಾದುದು. ಕಾಡಿಲ್ಲದ ನಮ್ಮ ಬಯಲುಸೀಮೆಯಲ್ಲಿ ಕರಿಜಾಲಿಯ ಚೇಗನ್ನು ಗಾಡಿಗೂ ಗೂಟಕ್ಕೂ ಬಳಸುತ್ತ ಬಂದುದು ಇದರಿಂದಲೇ. ಬಿದಿರಿಗೆ ಚೇಗಿಲ್ಲ. ಆದುದರಿಂದ ರೈತರು ಬಿದಿರುಗಳನ್ನು ಕಡಿದೊಡನೆ ಕೆರೆ ಹಳ್ಳಗಳ ನೀರಿನಲ್ಲಿ ಕೆಲವು ವಾರ ಮುಳುಗಿಸಿಡುವರು. ಅದರೊಳಗಿನ ಹಿಟ್ಟು ನೀರಿಗೆ ಬಿಟ್ಟುಹೋದರೆ ಕುಟ್ಟೆಹುಳುವಿಗೆ ಆಹಾರ ಸಿಕ್ಕುವುದಿಲ್ಲ.

ಗೂಟದ ತುದಿಯನ್ನು ಬೆಂಕಿಯಲ್ಲಿ ಸುಟ್ಟು ಕರಿಮಾಡಿ ನೆಡುವ ಪದ್ಧತಿಯು ಹಲವು ದೇಶಗಳಲ್ಲಿ ಉಂಟು. ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಮೆದುನೆಲದ ತಳಪಾಯಕ್ಕೆ ಹೀಗೆ ಸುಟ್ಟ ಮರದ ಮೊಳೆಗೂಟಗಳನ್ನು ಹೊಡೆಯಬೇಕೆಂದು ಬರೆದಿದ್ದಾನೆ. ಇದ್ದಲನ್ನು ಶಿಲೀಂಧ್ರವು ತಿನ್ನದೆಂಬುದು ನಿಜ. ಆದರೆ ಸುಟ್ಟ ಪದರು ತೆಳುವಾದುದು, ಬಿರುಕು ಬಿಡುವಂತಹದು. ಅದರ ಸಂದಿನಿಂದ ತೇವವು ಒಳಗಿಳಿದರೆ ಒಳಗಿನ ಮರಕ್ಕೆ ರಕ್ಷೆಯಿಲ್ಲ. ಬೇಲಿಗೂಟಗಳನ್ನು ನೆಲದಲ್ಲಿ ನೆಟ್ಟು ವರ್ಷಗಟ್ಟಲೆ ನೋಡಿದ ಅಮೆರಿಕೆಯ ಪ್ರಯೋಗಗಳಲ್ಲಿ ಸುಟ್ಟವುಗಳಿಗೂ ಸುಡದವುಗಳಿಗೂ ಹೆಚ್ಚು ವ್ಯತ್ಯಾಸ ಕಂಡುಬರಲಿಲ್ಲ. ಹಿಂದಿನವರು ಮಾಡಿದರೆಂಬ ಒಂದೇ ಕಾರಣದಿಂದ ಪದ್ಧತಿಯನ್ನು ಒಪ್ಪುವುದೂ, ಅದೇ ಕಾರಣದಿಂದ ತಳ್ಳಿಬಿಡುವುದೂ ವಿಚಾರವಂತರಿಗೆ ತಕ್ಕುದಲ್ಲ. ಅಡಿಗಲ್ಲು ಪರೀಕ್ಷೆಯಲ್ಲಿ ಗೆದ್ದಿತು. ಸುಟ್ಟ ತುದಿ ಗೆಲ್ಲಲಿಲ್ಲ.

ಹತ್ತೊಂಬತ್ತನೆಯ ಶತಮಾನದವರೆಗೆ ಕೊಳೆತ ಗೂಟವು ರೈತನೊಬ್ಬನ ತೊಂದರೆಯಾಗಿದ್ದಿತು. ರೇಲ್ವೆಯು ಬಂದು ಅದನ್ನು ಸರಕಾರಗಳ ತೊಂದರೆಯನ್ನಾಗಿ ಮಾಡಿತು. ಹಳಿಗಳ ಕೆಳಗೆ ಹಾಸುವ, ಸ್ಲೀಪರುಗಳೆಂದು ನಾವು ಕರೆಯುವ ಅಡ್ಡತೊಲೆಗಳ ಸ್ಥಿತಿ ಬೇಲಿಗೂಟದ ಸ್ಥಿತಿಯೇ: ಅರ್ಧ ಮಣ್ಣಿನಲ್ಲಿ, ಅರ್ಧ ಗಾಳಿಯಲ್ಲಿ. ಮಿರಜವು ಈ ಕಥೆಯನ್ನು ಹೇಳಲು ತಕ್ಕ ಸ್ಥಳ. ಸದರ್ನ್ ಮರಾಠಾ ರೇಲ್ವೆಯ ಪುಣೆ-ಬೆಳಗಾವಿ-ಲೋಂಡಾ ಹಾದಿಯು ಮಿರಜದ ಮೇಲೆ ಹಾಯ್ದಿತು; ೧೮೯೧ರಲ್ಲಿ ಅಲ್ಲಿಂದ ಕೊಲ್ಹಾಪುರಕ್ಕೆ ಕವಲು ಹೊರಟಿತು; ೧೯೨೭ರಲ್ಲಿ ಪಂಢರಪುರದ ಕಡೆಯಿಂದ ಬಾರ್ಶಿ ಲೈಟ್ ರೇಲ್ವೆಯ ಕಿರುಹಳಿ ಬಂದು ಸೇರಿತು. ಮುಂದೆ ದೊಡ್ಡಹಳಿಯೂ ಬಂದು, ಕೆಲವು ಕಾಲ ಮೂರು ಅಳತೆಯ ಹಳಿಗಳೂ ಕೂಡುವ ಅಪರೂಪದ ನಿಲ್ದಾಣವೆಂದು ಮಿರಜವು ಪ್ರಸಿದ್ಧವಾಗಿದ್ದಿತು.

ಒಂದು ಮೈಲಿ ಹಳಿಗೆ ೧೭೬೦ರಿಂದ ೨೦೦೦ ಸ್ಲೀಪರುಗಳು ಬೇಕಾಗುತ್ತಿದ್ದವು. ೧೮೪೦ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯರಾಗಿದ್ದು ಅಲ್ಲಿಯ ಸಸ್ಯಗಳನ್ನು ಅಭ್ಯಾಸಮಾಡಿ, ೧೮೫೬ರಲ್ಲಿ ಮದ್ರಾಸು ಪ್ರಾಂತದ ಅರಣ್ಯಾಧಿಕಾರಿಗಳಾದ ಹ್ಯೂ ಕ್ಲೆಗ್‌ಹಾರ್ನರು ೧೮೬೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಸ್ಲೀಪರುಗಳ ಈ ಬೇಡಿಕೆಯಿಂದ ಕಾಡುಗಳಿಗೆ ಒದಗಿದ ಸಂಕಟವನ್ನು ಲೆಕ್ಕಹಾಕಿ ತೋರಿಸಿದರು. ಸ್ಲೀಪರೊಂದರ ಬಾಳಿಕೆ ಸುಮಾರು ಎಂಟು ವರ್ಷವೆಂದು ಅವರು ಹಿಡಿದಿದ್ದರು. ಈ ಅಂಕಿಗಳಿಂದ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಬಹುದು. ಹತ್ತು ಮೈಲಿ ಹಾದಿಗೆ ೧೭,೬೦೦ ಮರದ ಸ್ಲೀಪರುಗಳು. ಎಂಟು ವರ್ಷಕ್ಕೊಮ್ಮೆ ಬದಲಿಸಿದರೆ ನಾಲ್ವತ್ತು ವರ್ಷಗಳಲ್ಲಿ ಐದು ಸಲ ಹಾಸಬೇಕು, ಒಟ್ಟು ೮೮,೦೦೦. ಅದೇ ಸ್ಲೀಪರು ಇಪ್ಪತ್ತು ವರ್ಷ ಬಾಳಿದರೆ ಎರಡು ಸಲ ಸಾಕು, ೩೫,೨೦೦. ಹತ್ತೇ ಮೈಲಿಯಲ್ಲಿ ಉಳಿಯುವ ಸ್ಲೀಪರುಗಳು ೫೨,೮೦೦. ಕೊಳೆಯನ್ನು ತಡೆಯುವುದೆಂದರೆ ಕಾಡನ್ನು ಉಳಿಸುವುದೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಯುರೋಪಿನಲ್ಲಿ ಹಡಗು ಕಟ್ಟುವವರಿಗೂ ರೇಲ್ವೆಯವರಿಗೂ ಇದೇ ಚಿಂತೆ ಹಿಡಿದಿದ್ದಿತು. ಇಂಗ್ಲೆಂಡಿನಲ್ಲಿ ೧೮೩೨ರಲ್ಲಿ ಕಯಾನ್ ಎಂಬವರು ಪಾದರಸದ ಘೋರವಾದ ವಿಷಲವಣದಲ್ಲಿ ಮರವನ್ನು ನೆನೆಸುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ೧೮೩೮ರಲ್ಲಿ ಬರ್ನೆಟರು ಸತುವಿನ ಲವಣವನ್ನು ಸೂಚಿಸಿದರು. ಅದೇ ವರ್ಷ ಜಾನ್ ಬೆಥೆಲರು ಕಲ್ಲಿದ್ದಲ ಡಾಮರಿನಿಂದ ತೆಗೆದ ಕ್ರಿಯೊಸೋಟ್ ತೈಲವನ್ನು, ಮರವನ್ನು ಉಕ್ಕಿನ ಉರುಳೆಯೊಳಗಿಟ್ಟು, ಒತ್ತಡದಿಂದ ಅದರ ಮೈಯೊಳಕ್ಕೆ ತುಂಬುವ ವಿಧಾನವನ್ನು ಕಂಡುಹಿಡಿದರು. ಈ ಮೂರರಲ್ಲಿ ಬೆಥೆಲರ ವಿಧಾನವೇ ಹೆಚ್ಚು ಕಾಲ ನಿಂತಿತು. ಮೇಲೆ ಬಳಿದ ಔಷಧಿಗೂ ಒಳಗೆ ಹೊಕ್ಕ ಔಷಧಿಗೂ ಇರುವ ಅಂತರವನ್ನು ಅದು ತೋರಿಸಿಕೊಟ್ಟಿತು. ಫ್ರಾನ್ಸಿನಲ್ಲಿ ಬೂಶರೀ ಎಂಬವರು ಹಸಿಮರದ ಜೀವರಸವನ್ನು ಹೊರದೂಡಿ ಆ ಸ್ಥಾನದಲ್ಲಿ ಮೈಲುತುತ್ತದ ನೀರನ್ನು ತುಂಬಿದರು. ಮೈಲುತುತ್ತವು ಸಾಂಗಲಿಯ ಕಡೆಯವರಿಗೆ ಅಪರಿಚಿತವಲ್ಲ. ತಾಸಗಾವಿಯ ದ್ರಾಕ್ಷಿತೋಟಗಳಲ್ಲಿ ಬೂಷ್ಟುರೋಗಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಬೋರ್ಡೊ ದ್ರಾವಣದಲ್ಲಿ ಇರುವುದೂ ಅದೇ. ಎಲೆಯ ಮೇಲಿನ ಬೂಷ್ಟೂ ಮರದೊಳಗಿನ ಕೊಳೆಯೂ ಒಂದೇ ಬಗೆಯ ಶತ್ರುಗಳು. ತಾಮ್ರವು ಎರಡಕ್ಕೂ ವಿಷ.

ಆದರೆ ಮೈಲುತುತ್ತವು ಮಳೆನೀರಿನಲ್ಲಿ ಕರಗಿ ಮರದಿಂದ ಹೊರಟುಹೋಗುತ್ತದೆ. ಈ ತೊಡಕನ್ನು ಬಿಡಿಸಿದವರು ಭಾರತೀಯರೊಬ್ಬರು. ದೇಹರಾದೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಸೊಂಠಿ ಕಾಮೇಶಂ ಅವರು ೧೯೩೩ರಲ್ಲಿ ತಾಮ್ರ, ಪಾಷಾಣ, ಕ್ರೋಮಿಯಂಗಳ ಲವಣಗಳನ್ನು ಕೂಡಿಸಿ ಹೊಸದೊಂದು ದ್ರಾವಣವನ್ನು ಸಿದ್ಧಪಡಿಸಿದರು. ಪಾಷಾಣವೆಂದರೆ ಆರ್ಸೆನಿಕ್. ತಾಮ್ರವು ಶಿಲೀಂಧ್ರವನ್ನು ತಡೆಯುತ್ತದೆ. ಪಾಷಾಣವು ಗೆದ್ದಲನ್ನೂ, ತಾಮ್ರಕ್ಕೆ ಬಗ್ಗದ ಶಿಲೀಂಧ್ರಗಳನ್ನೂ ಕೊಲ್ಲುತ್ತದೆ. ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಬಿಗಿದು, ಮಳೆಗೆ ತೊಳೆದುಹೋಗದಂತೆ ಹಿಡಿಯುತ್ತದೆ. ಆಸ್ಕ್ಯೂ ಎಂಬ ಹೆಸರಿನಿಂದ ಅದು ಪ್ರಸಿದ್ಧಿಗೆ ಬಂದಿತು. ಅಮೆರಿಕೆಯಲ್ಲಿ ೧೯೩೮ರಲ್ಲಿ ಅದಕ್ಕೆ ಹಕ್ಕುಪತ್ರವೂ ದೊರೆಯಿತು. ವಿದ್ಯುತ್ತಿನ ಕಂಬಗಳಿಗೆ, ಮನೆಯಂಗಳದ ಬೇಲಿಗಳಿಗೆ, ಮಕ್ಕಳ ಆಟದ ಚೌಕಟ್ಟುಗಳಿಗೆ ಸಹ ಈ ಮದ್ದು ಕುಡಿಸಿದ ಮರವೇ ದೂರದ ದೇಶಗಳಲ್ಲಿ ಅನೇಕ ದಶಕಗಳ ಕಾಲ ಬಳಕೆಯಾಯಿತು. ಅಲ್ಲಿಯ ತೋಟಗಾರರಲ್ಲಿ ತಮ್ಮ ಬೇಲಿಯನ್ನು ಕಾಯ್ದ ಔಷಧಿಯು ಹಿಮಾಲಯದ ತಪ್ಪಲಿನ ಪ್ರಯೋಗಶಾಲೆಯಲ್ಲಿ ಹುಟ್ಟಿತೆಂದು ತಿಳಿದವರು ಕೆಲವರೇ ಇರಬಹುದು. ನಮ್ಮಲ್ಲಿಯೂ ಆ ಹೆಸರನ್ನು ಬಲ್ಲ ವಿದ್ಯಾರ್ಥಿಗಳು ವಿರಳ.

ಇಲ್ಲಿಗೆ ಕಥೆಯು ಸುಖವಾಗಿ ಮುಗಿಯಬಹುದಿತ್ತು, ಮುಗಿಯಲಿಲ್ಲ. ಶಿಲೀಂಧ್ರಕ್ಕೂ ಹುಳುವಿಗೂ ವಿಷವಾದುದು ಮನುಷ್ಯನಿಗೆ ಅಮೃತವಾಗಲಾರದು. ಮರದಿಂದ ಪಾಷಾಣದ ಅಂಶವು ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ ಇಳಿಯುವುದೆಂದೂ, ಮುಟ್ಟಿದ ಮಕ್ಕಳ ಕೈಗೆ ಹತ್ತುವುದೆಂದೂ ಕಂಡುಬಂದ ಮೇಲೆ, ೨೦೦೩ರ ಕೊನೆಗೆ ಅಮೆರಿಕೆಯ ತಯಾರಕರು ಮನೆಬಳಕೆಯ ಮರಕ್ಕೆ ಈ ಮದ್ದನ್ನು ಹಾಕುವುದನ್ನು ನಿಲ್ಲಿಸಿದರು. ಯುರೋಪಿನಲ್ಲಿಯೂ ಅದಕ್ಕೆ ಕಟ್ಟುಪಾಡುಗಳು ಬಂದವು. ಕ್ರಿಯೊಸೋಟ್ ತೈಲದಲ್ಲಿ ಅರ್ಬುದರೋಗವನ್ನು ಉಂಟುಮಾಡಬಲ್ಲ ಅಂಶಗಳಿರುವುದೂ ಸಿದ್ಧವಾಗಿದೆ. ಕಾಮೇಶಂ ಅವರ ಕೀರ್ತಿಗೆ ಇದರಿಂದ ಕುಂದಿಲ್ಲ. ಅವರು ತಮ್ಮ ಕಾಲದ ಪ್ರಶ್ನೆಗೆ ಉತ್ತರ ಕೊಟ್ಟರು. ಆ ಉತ್ತರದಿಂದ ಹುಟ್ಟಿದ ಹೊಸ ಪ್ರಶ್ನೆ ನಮ್ಮ ಕಾಲದ್ದು.

ಈ ಸಂಗತಿಯನ್ನು ನಾವು ಪುಸ್ತಕದ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ರೇಲ್ವೆಯು ಇಂದು ಕಾಂಕ್ರೀಟಿನ ಸ್ಲೀಪರುಗಳನ್ನು ಹಾಸುತ್ತಿದೆ. ಕಿತ್ತುಹಾಕಿದ ಹಳೆಯ ಮರಗಳೂ, ಉರುಳಿದ ತಂತಿಕಂಬಗಳೂ ಮಾರಾಟವಾಗಿ ಎಲ್ಲಿಯಾದರೂ ಬಂದು ಸೇರುವುದುಂಟು. ಗಟ್ಟಿಮರವೆಂದು ಅವುಗಳನ್ನು ಬೇಲಿಗೆ ನಿಲ್ಲಿಸುವುದೂ, ಮುರಿದ ಮೇಲೆ ಒಲೆಗೆ ಹಾಕುವುದೂ ಸಹಜವಾಗಿ ತೋರುತ್ತದೆ. ಕಪ್ಪು ಎಣ್ಣೆಯ ವಾಸನೆ ಬರುವ ಮರವನ್ನಾಗಲಿ, ಹಸಿರು ಛಾಯೆಯುಳ್ಳ ಮದ್ದಿನ ಮರವನ್ನಾಗಲಿ ಬಚ್ಚಲ ಒಲೆಯಲ್ಲಿಯೂ ಅಡಿಗೆಯ ಒಲೆಯಲ್ಲಿಯೂ ಎಂದಿಗೂ ಉರಿಸಬಾರದು. ಉರಿಸಿದರೆ ವಿಷವು ನಾಶವಾಗುವುದಿಲ್ಲ. ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ. ಆ ಬೂದಿಯಿಂದ ಪಾತ್ರೆ ಬೆಳಗುವುದಾಗಲಿ, ಅದನ್ನು ಕಾಯಿಪಲ್ಯದ ಮಡಿಗೆ ಗೊಬ್ಬರವೆಂದು ಹಾಕುವುದಾಗಲಿ ಇನ್ನೂ ಅಪಾಯಕರ. ಶಾಲೆಯ ಕೈತೋಟದ ಸುತ್ತ ಇಂತಹ ಮರವನ್ನು ನಿಲ್ಲಿಸದಿರುವುದೇ ಮೇಲು. ಅಧ್ಯಾಪಕರು ಈ ಒಂದು ಮಾತನ್ನು ಮಕ್ಕಳ ಮೂಲಕ ಮನೆಮನೆಗೆ ತಲುಪಿಸಿದರೂ ಈ ಲೇಖನ ಸಾರ್ಥಕವಾದಂತೆ.

ಹಾಗಾದರೆ ತೋಟಕ್ಕೆ ಬೇಲಿ ಯಾವುದು? ಕಾಡು ವಿರಳವಾದ ನಮ್ಮ ಸೀಮೆಯ ಜನರು ಇದಕ್ಕೆ ಎರಡು ಉತ್ತರಗಳನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ಒಂದು ಕಲ್ಲುಕಂಬ. ಇನ್ನೊಂದು ಜೀವಂತ ಬೇಲಿ. ಕಳ್ಳಿ, ಕತ್ತಾಳೆ, ಹಾಲುವಾಣಗಳನ್ನು ಸಾಲಾಗಿ ನೆಟ್ಟರೆ ಅವು ತಾವೇ ಬೇರೂರಿ ಬೆಳೆಯುತ್ತವೆ; ಜೀವವಿರುವ ಗೂಟವನ್ನು ಕೊಳೆ ಮುಟ್ಟುವುದಿಲ್ಲ. ಆದರೂ ಯಾವ ಬೇಲಿಯೂ ಶಾಶ್ವತವಲ್ಲವೆಂಬುದಕ್ಕೆ ಪಾಪಾಸುಕಳ್ಳಿಯ ಕಥೆಯಿದೆ. ಅಮೆರಿಕೆಯಿಂದ ಬಂದ ಈ ಕಳ್ಳಿಯು ಮೊದಲು ಬೇಲಿಯಾಗಿ ನಿಂತು, ಬಳಿಕ ಬೇಲಿಯನ್ನು ದಾಟಿ ಹೊಲ ಹುಲ್ಲುಗಾವಲುಗಳನ್ನು ನುಂಗಿತು. ಅದನ್ನು ಅಡಗಿಸಲು ೧೯೨೬ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ಒಂದು ಜಾತಿಯ ಹಿಟ್ಟುಹುಳುವನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಪೊದೆಗಳು ವಿಸ್ತಾರವಾದ ಪ್ರದೇಶದಲ್ಲಿ ಒಣಗಿ ಬಿದ್ದವು. ಹೊಲ ಮೇದ ಬೇಲಿಯನ್ನು ಹುಳು ಮೇದಿತು. ಗಾದೆಯ ಮಾತು ಅಕ್ಷರಶಃ ನಡೆದುಹೋಯಿತು.

ಮರದ ಬೇಲಿಯೇ ಬೇಕೆನ್ನುವವರು ಹಿಂದಿನ ಚರಿತ್ರೆಯಿಂದ ಐದಾರು ವಿಷಯಗಳನ್ನು ಕಲಿಯಬಹುದು. ಚೇಗುಳ್ಳ ಮರವನ್ನು ಆಯ್ದು, ನೆರಳಿನಲ್ಲಿ ಒಣಗಿಸಿ ಬಳಸಬೇಕು. ಹಸಿಮರಕ್ಕೆ ಡಾಮರನ್ನೋ ಬಣ್ಣವನ್ನೋ ಬಳಿದರೆ ಒಳಗಿನ ನೀರು ಹೊರಬರಲಾರದೆ ಕೊಳೆಗೆ ಸಹಾಯವಾಗುತ್ತದೆ. ಗೂಟದ ತಲೆಯನ್ನು ಓರೆಯಾಗಿ ಕತ್ತರಿಸಬೇಕು, ಇಲ್ಲವೆ ಹಲಿಗೆಯ ಟೊಪ್ಪಿಗೆ ಹಾಕಬೇಕು. ಇದು ಸಾಂಚಿಯ ಪಾಠ. ಸಾಧ್ಯವಿದ್ದರೆ ನೆಲದಲ್ಲಿ ಕಲ್ಲನ್ನು ಹೂತು, ಅದಕ್ಕೆ ಕಬ್ಬಿಣದ ಪಟ್ಟಿಯಿಂದ ಮರವನ್ನು ನೆಲಕ್ಕೆ ತಾಗದಂತೆ ಬಿಗಿಯಬೇಕು. ಇದು ಅಡಿಗಲ್ಲಿನ ಪಾಠ. ನೆಲದಲ್ಲಿಯೇ ಹೂಳಬೇಕಾದರೆ ಕುಳಿಯ ತಳದಲ್ಲಿ ಹರಳುಗಲ್ಲು ಹಾಕಿ ನೀರು ಬಸಿದುಹೋಗುವಂತೆ ಮಾಡಿ, ಬುಡದ ಸುತ್ತ ಮಣ್ಣನ್ನು ದಿಣ್ಣೆಯಾಗಿ ಏರಿಸಬೇಕು. ಸಿಮೆಂಟನ್ನು ಬುಡಕ್ಕೆ ಬಟ್ಟಲಿನಂತೆ ಸುರಿದರೆ, ಮರವು ಒಣಗಿ ಸಣ್ಣಗಾದಾಗ ಉಂಟಾಗುವ ಸಂದಿನಲ್ಲಿ ನೀರು ನಿಂತು ಇದ್ದ ಆಯುಷ್ಯವೂ ಕಡಿಮೆಯಾಗುತ್ತದೆ. ಬಿಳಿಗಾರದ ದ್ರಾವಣವು ಪಾಷಾಣಕ್ಕಿಂತ ಬಹಳ ಸೌಮ್ಯವಾದ ಮದ್ದು. ಆದರೆ ಮಳೆಗೆ ತೊಳೆದುಹೋಗುವುದರಿಂದ ಅದು ಮಾಡಿನ ಕೆಳಗಿನ ಮರಕ್ಕೆ ಮಾತ್ರ ತಕ್ಕುದು.

ಕೃಷ್ಣೆಯ ದಡದವರು ಇನ್ನೊಂದು ವಿಷಯವನ್ನು ನೆನಪಿನಲ್ಲಿಡಬೇಕು. ೨೦೧೯ರ ಆಗಸ್ಟ್ ತಿಂಗಳಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನದಿಯ ಮಟ್ಟವು ೫೭ ಅಡಿಯನ್ನು ದಾಟಿತು. ಊರಿನ ಬೀದಿಗಳೂ ನದಿಬದಿಯ ಹೊಲಗಳೂ ದಿನಗಟ್ಟಲೆ ನೀರಿನಲ್ಲಿ ಮುಳುಗಿದವು. ಹೀಗೆ ಮುಳುಗಿದ ಬಾಗಿಲು, ಕಂಬ, ಬೇಲಿಗಳನ್ನು ಕೆಡಿಸುವುದು ಆ ಕೆಲವು ದಿನಗಳ ನೀರಲ್ಲ. ನೆರೆ ಇಳಿದಮೇಲೆ, ಮೈತುಂಬ ನೀರು ಕುಡಿದ ಮರಕ್ಕೆ ಗಾಳಿಯೂ ಸೇರುವ ಮುಂದಿನ ತಿಂಗಳುಗಳಲ್ಲಿ ಕೊಳೆಯು ಆರಂಭವಾಗುತ್ತದೆ. ಆಗಲೇ ಮೆತ್ತಿದ ಕೆಸರನ್ನು ತೊಳೆದು, ಬುಡದ ಮಣ್ಣನ್ನು ಬಿಡಿಸಿ, ಗಾಳಿಯಾಡುವಂತೆ ಮಾಡಿ ಬೇಗನೆ ಒಣಗಿಸಿದರೆ ಬಹಳಷ್ಟು ಮರವನ್ನು ಉಳಿಸಬಹುದು. ನೀರು ಇಳಿಯಿತೆಂದು ನಿಶ್ಚಿಂತರಾಗಿ ಕುಳಿತರೆ ನೆರೆಯು ಬಿಟ್ಟುಹೋದುದನ್ನು ಅಣಬೆ ಕೊಂಡೊಯ್ಯುತ್ತದೆ.

ಪಾಟಲೀಪುತ್ರದ ತೊಲೆಗಳನ್ನೂ ಕಾರ್ಲೆಯ ಪಕ್ಕೆಮರಗಳನ್ನೂ ನಮ್ಮ ವಿದ್ಯಾರ್ಥಿಗಳೆಲ್ಲರೂ ಹೋಗಿ ನೋಡಲಾರರು. ಅವುಗಳ ಪಾಠವನ್ನು ಕಲಿಯಲು ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಶಾಲೆಯ ಅಂಗಳದಲ್ಲಿ ಬಿದ್ದ ಹಳೆಯ ಗೂಟವೊಂದನ್ನು ಅಧ್ಯಾಪಕರು ತರಗತಿಗೆ ತಂದು ಮೇಲು, ನಡು, ಬುಡಗಳನ್ನು ಮಕ್ಕಳ ಕೈಯಿಂದ ಮುಟ್ಟಿಸಲಿ. ಬುಡದಲ್ಲಿ ಚಂದ್ರಗುಪ್ತನ ಕೋಟೆಯುಂಟು, ಮೇಲೆ ಭೂತಪಾಲನ ಚೈತ್ಯವುಂಟು. ನಡುವೆ ಪುಡಿಯಾದ ಆ ಒಂದು ಗೇಣಿನಲ್ಲಿ, ಕಡಿದುಹೋದ ಕಾಡುಗಳೂ ಮಣ್ಣಿಗಿಳಿದ ಪಾಷಾಣವೂ ಸೇರಿದ ನೂರೈವತ್ತು ವರ್ಷಗಳ ಲೆಕ್ಕವುಂಟು. ಅದನ್ನು ಓದಿಕೊಂಡ ಮಕ್ಕಳು ಮುಂದಿನ ಗೂಟವನ್ನು ನೆಡುವಾಗ ಮೊದಲು ಕುಳಿಗೆ ಹರಳುಗಲ್ಲು ಹಾಕುವರೆಂದು ನಾವು ನಂಬುತ್ತೇವೆ.